ದಂಡೆಯ ಲಾವಂಚವನ್ನು ಜೊಂಡೆಂದು ಕೀಳಬೇಡಿ

ಮಾನ್ಯ ಸಂಪಾದಕರೆ,

ಹೋದ ವಾರ ನಮ್ಮ ಗದ್ದೆ ಪಕ್ಕದ ಹಳ್ಳದ ಹೂಳೆತ್ತಲು ಜೆಸಿಬಿ ಬಂತು. ಹೂಳಿನ ಜೊತೆ ದಂಡೆಯ ಹುಲ್ಲನ್ನೂ ಬುಡಸಮೇತ ಬಾಚಿ ಎಸೆದರು. ‘ಅದು ಲಾವಂಚ ಕಣಪ್ಪ, ಬಿಡಿ’ ಅಂದೆ. ‘ಬರೀ ಜೊಂಡು ಕಣಮ್ಮ’ ಅಂದರು ಕೆಲಸ ಮಾಡಿಸುತ್ತಿದ್ದವರು. ಗೊತ್ತಿಲ್ಲದೆ ಕಿತ್ತಿದ್ದಾರೆ. ಗೊತ್ತಾಗಲಿ ಎಂದೇ ಈ ಪತ್ರ.

ಜೊಂಡು ನೀರಿನಲ್ಲೇ ನಿಂತು ದಪ್ಪ ಕಂದು ಕದಿರು ಬಿಡುತ್ತದೆ. ಕಾವೇರಿ ಮರಳಿನಲ್ಲಿ ಬಿಳಿ ತುರಾಯಿ ಬಿಡುವ ಕಾಡುಕಬ್ಬು ನೆಲದಡಿಯಲ್ಲೇ ಹರಿದು ಹಬ್ಬುತ್ತದೆ. ಲಾವಂಚ ಹಬ್ಬುವುದಿಲ್ಲ. ಇದ್ದಲ್ಲೇ ತೆಂಡೆ ಒಡೆದು, ಕೈ ತೂರದಷ್ಟು ಒತ್ತಾದ ಬುಡವಾಗಿ ವರ್ಷಗಟ್ಟಲೆ ನಿಲ್ಲುತ್ತದೆ. ಬುಡದಲ್ಲಿ ಗರಿಗಳು ಚಪ್ಪಟೆಯಾಗಿ, ಬೀಸಣಿಗೆ ಮಡಿಸಿದ ಹಾಗೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆಳೆತ್ತರದ ಹೂಗೊಂಚಲಿಗೆ ನೇರಳೆ ಬೆರೆತ ಕಂದು ಬಣ್ಣ. ಇನ್ನೂ ಅನುಮಾನವಿದ್ದರೆ ಗರಿ ಹಿಸುಕಿ ಮೂಸಿ. ನಿಂಬೆಹುಲ್ಲಾದರೆ ಘಮ್ಮೆನ್ನುತ್ತದೆ, ಲಾವಂಚದ ಗರಿಗೆ ಪರಿಮಳವಿಲ್ಲ. ಇದ್ದದ್ದೆಲ್ಲ ಬೇರಿನಲ್ಲಿ. ಒಂದೆಳೆ ಬೇರು ತೊಳೆದು ಮೂಸಿದರೆ ಸಾಕು. ನಮ್ಮತ್ತೆ ಇದನ್ನು ಮುಡಿವಾಳ ಅನ್ನುತ್ತಿದ್ದರು. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಒಂದು ಹಿಡಿ, ಟ್ರಂಕಿನ ಸೀರೆಗಳ ನಡುವೆ ಒಂದು ಹಿಡಿ.

ಹಳ್ಳದ ದಂಡೆ, ಕೆರೆಯಂಚು, ನಾಲೆ ಬದಿಯ ಜವುಗು, ಇವೇ ಅದರ ನೆಲೆ. ಬಿಸಿಲು ಚೆನ್ನಾಗಿ ಬೀಳಬೇಕು, ನೆರಳು ಕವಿದರೆ ಸೊರಗುತ್ತದೆ. ಬೇರು ಪಕ್ಕಕ್ಕೆ ಹರಿದು ಪೈರಿನ ಗೊಬ್ಬರ ಕದಿಯುವುದಿಲ್ಲ. ನೇರ ಕೆಳಗಿಳಿಯುತ್ತದೆ, ಒಳ್ಳೆ ಮಣ್ಣಿನಲ್ಲಿ 3 ಮೀಟರ್‌ವರೆಗೂ. 2019ರ ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ನದಿ ನಮ್ಮ ಹಳ್ಳಕ್ಕೂ ನುಗ್ಗಿತ್ತು. ನಾಟಿ ಹಾಕಿದ್ದ ಪೈರು ಹೋಯಿತು. ಎರಡು ದಿನ ಮುಳುಗಿದ್ದ ಲಾವಂಚ ಮಾತ್ರ ಕೆಸರು ಕೊಡವಿಕೊಂಡು ಎದ್ದಿತು, ಅದು ಹಿಡಿದಿದ್ದ ಬದು ಕುಸಿಯಲಿಲ್ಲ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದೇ ಹುಲ್ಲನ್ನು ದೇಶದೇಶಗಳಿಗೆ ಶಿಫಾರಸು ಮಾಡಿದರು. ಅದಕ್ಕೂ ಎಷ್ಟೋ ಮೊದಲೇ, ಆಗ ಮೈಸೂರು ಜಿಲ್ಲೆಗೇ ಸೇರಿದ್ದ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಲಾವಂಚ ನೆಟ್ಟು ಉಳಿಸಿಕೊಂಡು ಬಂದಿದ್ದರು. ಮನೆಯಂಗಳದ ವಿದ್ಯೆಯನ್ನು ನಾವೇ ಜೆಸಿಬಿ ಬಾಯಿಗೆ ಕೊಡುತ್ತಿದ್ದೇವೆ ಎನ್ನುವುದು ನನ್ನ ಸಂಕಟ.

ಹೂಳು ತೆಗೆಯಬೇಡಿ ಎನ್ನುತ್ತಿಲ್ಲ, ಹಳ್ಳ ಹರಿಯಲೇಬೇಕು. ಆದರೆ ನಮ್ಮ ಕಡೆಯ ಲಾವಂಚ ಬೀಜದಿಂದ ಹುಟ್ಟುವುದು ತೀರಾ ಅಪರೂಪ. ಕಿತ್ತ ಜಾಗದಲ್ಲಿ ಗರಿಕೆಯಂತೆ ಮತ್ತೆ ಚಿಗುರಿ ಬರುವುದಿಲ್ಲ, ಯಾರಾದರೂ ಬುಡ ಸೀಳಿ ನೆಡಬೇಕು. ಯಂತ್ರ ಇಳಿಸುವ ಮುನ್ನ ಆ ಊರಿನ ಒಬ್ಬಿಬ್ಬರು ಹಿರಿಯರನ್ನು ಕರೆದುಕೊಂಡು ದಂಡೆಯ ಮೇಲೆ ನಡೆದು, ಲಾವಂಚದ ಬುಡಗಳಿಗೆ ಸುಣ್ಣದ ಗುರುತು ಹಾಕಲಿ. ಕೀಳಲೇಬೇಕಾದರೆ ರೈತರಿಗೆ ತಿಳಿಸಲಿ, ನಾವೇ ಅಗೆದು ಒಯ್ಯುತ್ತೇವೆ.

ಮಣ್ಣಿನ ಗುಡ್ಡೆಯಿಂದ ಹನ್ನೊಂದು ಬುಡ ಆರಿಸಿ ತಂದು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ. ಮಳೆ ಹಿಡಿದ ಮೇಲೆ ಅದೇ ದಂಡೆಗೆ ನೆಡುತ್ತೇನೆ. ನಮ್ಮ ಗದ್ದೆಯಿಂದ ಕೆಳಗೆ, ನದಿ ಸೇರುವವರೆಗೆ, ಇನ್ನೂ ಅರ್ಧ ಮೈಲಿ ಹಳ್ಳಕ್ಕೆ ಯಂತ್ರ ಇಳಿದಿಲ್ಲ.

– ಒಬ್ಬ ರೈತ ಮಹಿಳೆ, ಶ್ರೀರಂಗಪಟ್ಟಣ ತಾಲ್ಲೂಕು