ಟೊಲೆಡೊದಲ್ಲಿ ಕೇಳಿದ ಸುತ್ತಿಗೆ ಸದ್ದು

ಪ್ರೀತಿಯ ಗೆಳೆಯಾ,

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಚಾಚಾ ಕೊಟ್ಟಿದ್ದ ಬಿದರಿ ಕೀಚೈನ್ ಈಗ ನನ್ನ ಹತ್ತಿರ ಇಲ್ಲ. ಕಳೆದುಕೊಂಡಿಲ್ಲ, ಒಬ್ಬರಿಗೆ ಕೊಟ್ಟು ಬಂದೆ. ಯಾರಿಗೆ, ಯಾಕೆ ಅನ್ನೋದನ್ನ ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬೈಯುತ್ತೀಯ. ಅದಕ್ಕೇ ಪತ್ರ.

ಆಫೀಸಿನ ಕೆಲಸಕ್ಕೆ ಎರಡು ವಾರ ಸ್ಪೇನಿನ ಮ್ಯಾಡ್ರಿಡ್‌ನಲ್ಲಿದ್ದೇನೆ. ಶನಿವಾರ ರಜೆ. ರೈಲು ಹತ್ತಿದರೆ ಟೊಲೆಡೊ ಬರೀ ಅರ್ಧ ಗಂಟೆ. ಬಂಡೆಗುಡ್ಡದ ಮೇಲೆ ಊರು, ಮೂರು ಕಡೆ ತಾಹೊ ನದಿ ಸುತ್ತಿಕೊಂಡು ಹರಿಯುತ್ತದೆ. ಅಷ್ಟು ಆಳಕ್ಕೆ ನದಿಯೇ ಇರುವಾಗ ಕಂದಕ ಯಾಕೆ ಬೇಕು? ನದಿಯ ಹಳೇ ಸೇತುವೆಯ ಹೆಸರು ಅಲ್ಕಾಂತರಾ. ಅರಬ್ಬಿಯಲ್ಲಿ ಅದರ ಅರ್ಥವೇ ಸೇತುವೆ. ಅಂದರೆ ಇವರು ಇಷ್ಟು ಕಾಲದಿಂದ ‘ಸೇತುವೆ ಸೇತುವೆ’ ಅನ್ನುತ್ತಿದ್ದಾರೆ, ನಾವು ‘ನಡು ಸೆಂಟರ್’ ಅಂದ ಹಾಗೆ. ಊರ ನಡುವಿನ ಚೌಕ ಸೊಕೊದೊವೇರ್. ಅದೂ ಅರಬ್ಬಿಯೇ, ದನ ಕುದುರೆಗಳ ಸಂತೆ ಅಂತ. ಈಗ ಅಲ್ಲಿ ಕಾಫಿ ಕುಡಿಯುವವರ ಸಂತೆ.

ಮುಸ್ಲಿಮರು ಮುನ್ನೂರೈವತ್ತು ವರ್ಷಕ್ಕೂ ಜಾಸ್ತಿ ಆಳಿದ ಊರಿದು. 1085ರಲ್ಲಿ ಕ್ರೈಸ್ತ ದೊರೆ ಆರನೇ ಅಲ್ಫೊನ್ಸೊ ಗೆದ್ದುಕೊಂಡ. ದೊರೆ ಬದಲಾದ, ಊರಿನ ಗುಣ ಅಷ್ಟು ಬೇಗ ಬದಲಾಗಲಿಲ್ಲ. ಸಾಂತಾ ಮರಿಯಾ ಲಾ ಬ್ಲಾಂಕಾ ಅಂತ ಒಂದು ಕಟ್ಟಡ ಇದೆ. ಒಳಗೆ ಕುದುರೆ ಲಾಳದ ಹಾಗಿರುವ ಬಿಳಿ ಕಮಾನುಗಳ ಸಾಲು. ಮಸೀದಿ ಅಂದುಕೊಂಡೆ. ಕಟ್ಟಿಸಿದವರು ಯಹೂದಿಗಳಂತೆ, ಆಮೇಲೆ ಚರ್ಚ್ ಆಯಿತಂತೆ. ಆ ಯಹೂದಿಗಳನ್ನು 1492ರಲ್ಲಿ ದೇಶದಿಂದಲೇ ಹೊರಗಟ್ಟಿದರು. ಅಷ್ಟು ಚೆಂದದ ಕಂಬಗಳು, ಆದರೂ ಅದು ಗೊತ್ತಾದ ಮೇಲೆ ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲೋಕಾಗಲಿಲ್ಲ.

ಓಣಿಗಳ ಕಥೆ ಕೇಳಬೇಡ. ಕೈ ಚಾಚಿದರೆ ಎರಡೂ ಕಡೆ ಗೋಡೆ ಮುಟ್ಟುತ್ತದೆ. ಫೋನಿನ ಮ್ಯಾಪ್ ನನ್ನನ್ನು ಎರಡು ಸಲ ಯಾರದೋ ಮನೆ ಬಾಗಿಲಿಗೆ ಕರೆದುಕೊಂಡು ಹೋಯಿತು. ಕ್ರೈಸ್ತರ ಕಾರ್ಪಸ್ ಕ್ರಿಸ್ಟಿ ಹಬ್ಬ ಹತ್ತಿರ ಇತ್ತು. ಮೆರವಣಿಗೆ ಹೋಗುವ ಬೀದಿಗಳ ಮೇಲೆಲ್ಲ ಈ ಮಾಳಿಗೆಯಿಂದ ಆ ಮಾಳಿಗೆಗೆ ಬಟ್ಟೆಯ ಚಪ್ಪರ ಕಟ್ಟಿದ್ದರು. ಹಬ್ಬದ ದಿನ ನೆಲಕ್ಕೆ ಘಮ ಘಮ ಅನ್ನುವ ಥೈಮ್ ಸೊಪ್ಪು ಹಾಸುತ್ತಾರೆ. ನಮ್ಮ ತೇರಿನ ಬೀದಿ ನೆನಪಾಯಿತು.

ಮಧ್ಯಾಹ್ನ ಎರಡಕ್ಕೆ ಬಹಳಷ್ಟು ಅಂಗಡಿಗಳ ಬಾಗಿಲು ಟಪಟಪ ಬಿದ್ದವು. ಊಟಕ್ಕೆ ಪಿಸ್ತೊ ಅಂತ ತರಿಸಿದೆ. ಬದನೆಕಾಯಿ, ಟೊಮೆಟೊ, ದೊಡ್ಡ ಮೆಣಸಿನಕಾಯಿ ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೆಂದಿರುತ್ತದೆ. ಖಾರ ಇಲ್ಲದ ಎಣಗಾಯಿ ಅಂದುಕೋ. ಇನ್ನೊಂದು ತಮಾಷೆ. ಇವರ ಭಾಷೆಯಲ್ಲಿ ದುಡ್ಡು ಕೊಡೋದಕ್ಕೆ ‘ಪಗಾರ್’ ಅಂತಾರೆ. ನಮ್ಮ ಪಗಾರ ಪೋರ್ಚುಗೀಸರಿಂದ ಬಂದದ್ದು, ಬೇರು ಒಂದೇ. ನಮಗೆ ಪಗಾರ ಅಂದರೆ ಬರೋದು, ಇಲ್ಲಿ ಹೋಗೋದು.

ಈಗ ಅಸಲು ವಿಷಯ. ಬಿಸಿಲಿಗೆ ಸುಮ್ನೆ ಓಣಿಯಲ್ಲಿ ನಡೆಯುತ್ತಿದ್ದೆ. ಟಿಕ್ ಟಿಕ್ ಟಿಕ್ ಅಂತ ಸಣ್ಣ ಸುತ್ತಿಗೆ ಸದ್ದು. ಕಣ್ಣು ಮುಚ್ಚಿದರೆ ಬೀದರಿನ ನಿಮ್ಮ ಓಣಿಯೇ! ಬಗ್ಗಿ ನೋಡಿದೆ. ಅರವತ್ತು ದಾಟಿದ ಒಬ್ಬರು ಕಿಟಕಿ ಬೆಳಕಿಗೆ ಕೂತು ಉಕ್ಕಿನ ಬಿಲ್ಲೆಗೆ ಚಿನ್ನದ ಎಳೆ ಕೂರಿಸುತ್ತಿದ್ದರು. ಇದಕ್ಕೆ ದಮಾಸ್ಕಿನಾದೊ ಅಂತಾರೆ, ಡಮಾಸ್ಕಸ್ ಊರಿನ ಹೆಸರು. ಪೇಟೆ ತುಂಬ ಇಂಥದೇ ತಟ್ಟೆ, ಓಲೆಗಳಿವೆ. ಮುಕ್ಕಾಲು ಪಾಲು ಮಶೀನಿನವು, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಚಾಚಾ ಉಳಿಯಿಂದ ಗೆರೆ ಕೊರೆದು ಅದರೊಳಗೆ ಬೆಳ್ಳಿ ತಂತಿ ಬಡಿಯುತ್ತಾರಲ್ಲ, ಇವರು ಹಾಗಲ್ಲ. ಉಕ್ಕಿನ ಮೈಮೇಲೆಲ್ಲ ಅಡ್ಡ ಉದ್ದ ಕೂದಲಿನಂಥ ಗೀರು ಎಳೆದು ತರಿ ತರಿ ಮಾಡುತ್ತಾರೆ. ಅದರ ಮೇಲೆ ಚಿನ್ನದ ಎಳೆ ಇಟ್ಟು ತಟ್ಟಿದರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಸ್ಟಿಕ್ ಸೋಡಾ ಹಾಕಿದ ಕುದಿಯುವ ದ್ರಾವಣದಲ್ಲಿ ಅದ್ದುತ್ತಾರೆ. ಉಕ್ಕು ಕಪ್ಪಾಗುತ್ತದೆ, ಚಿನ್ನ ಹಾಗೇ ಉಳಿಯುತ್ತದೆ.

ನಾನು ಜೇಬಿನಿಂದ ಕೀಚೈನ್ ತೆಗೆದು ಮುಂದಿಟ್ಟೆ. ಸುತ್ತಿಗೆ ನಿಂತಿತು. ಕನ್ನಡಕ ಹಣೆಗೇರಿಸಿ ಭೂತಗನ್ನಡಿ ಹಿಡಿದರು. ‘ಪ್ಲಾತಾ?’ ಅಂದರು, ಬೆಳ್ಳಿಯಾ ಅಂತ. ಹೌದೆಂದೆ. ಬೆರಳಲ್ಲಿ ಕಪ್ಪನ್ನು ಉಜ್ಜಿ ಉಜ್ಜಿ ನೋಡಿದರು, ಇದು ಹೇಗೆ ಅಂತ ಕೈಯಲ್ಲೇ ಕೇಳಿದರು. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ: ಕೋಟೆಯೊಳಗಿನ ಮಣ್ಣು, ಬಿಸಿಲು ಮಳೆ ಕಾಣದ್ದು, ಜೊತೆಗೆ ನವಸಾಗರ, ನೀರಲ್ಲಿ ಕುದಿಸೋದು. ಅವರು ನಂಬಲಿಲ್ಲ. ‘ತಿಯೆರಾ?’ ಅಂತ ನೆಲ ತೋರಿಸಿದರು. ಮಣ್ಣು ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು? ಚಾಚಾ ಮಾಡುವ ಹಾಗೆ ಚಿಟಿಕೆ ತೆಗೆದು ನಾಲಗೆಗೆ ಇಡುವ ಅಭಿನಯ ಮಾಡಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ತಲೆಯಾಡಿಸಿ ತಮ್ಮ ನಾಲಗೆ ತುದಿಗೂ ಬೆರಳು ಮುಟ್ಟಿಸಿಕೊಂಡರು. ಒಂದು ಗಂಟೆ ಕೂತಿದ್ದೆ. ಇಬ್ಬರಿಗೂ ಸೇರಿ ಹತ್ತು ಪದ ಬರುತ್ತಿದ್ದವೋ ಇಲ್ಲವೋ.

ಏಳುವಾಗ ಕೀಚೈನ್ ಅವರ ಕೈಯಲ್ಲೇ ಇತ್ತು. ವಾಪಸ್ ಕೇಳೋಕೆ ಬಾಯಿ ಬರಲಿಲ್ಲ. ಅವರು ಮೇಜಿನ ಮೇಲಿದ್ದ ಒಂದು ಬಿಲ್ಲೆ ಕಾಗದದಲ್ಲಿ ಸುತ್ತಿಕೊಟ್ಟರು. ಹಕ್ಕಿಯ ಒಂದೇ ರೆಕ್ಕೆ ಆಗಿದೆ, ಇನ್ನೂ ಕಪ್ಪು ಮಾಡಿಲ್ಲ, ಗೀರುಗಳೆಲ್ಲ ಕಾಣುತ್ತವೆ. ಚಾಚಾಗೆ ಅದೇ ಇಷ್ಟ ಆಗುತ್ತದೆ, ನೋಡು.

ಅಮ್ಮಿಗೆ ಮಾರ್ಜಿಪಾನ್ ತಂದಿದ್ದೇನೆ, ಬಾದಾಮಿ ಸಕ್ಕರೆಯ ಸಿಹಿ. ಮಠದ ಸನ್ಯಾಸಿನಿಯರು ಮಾಡಿದ್ದು. ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯಲ್ಲಿ ದುಡ್ಡು ಇಟ್ಟರೆ ಸಿಹಿ ತಿರುಗಿ ಬರುತ್ತದೆ, ಮುಖ ಕಾಣಿಸೋದಿಲ್ಲ.

ನನ್ನ ಮನೆ ಕೀಲಿಗಳು ಸದ್ಯಕ್ಕೆ ಶೂ ಲೇಸಿನಲ್ಲಿವೆ. ಚಾಚಾಗೆ ಒಂದು ಮಾತು ಹೇಳಿಡು, ಇನ್ನೊಂದು ಬೇಕು. ಈ ಸಲ ಪಗಾರ ಕೊಟ್ಟೇ ತೆಗೆದುಕೊಳ್ಳುತ್ತೇನೆ.

ನಿನ್ನ ಗೆಳೆಯ