ದೂರ ಅಳೆಯುವ ಸೆನ್ಸರ್: ಆಯ್ಕೆಗೆ ಮುನ್ನ ಪರೀಕ್ಷೆ ಅಗತ್ಯ

ಮಾನ್ಯ ಸಂಪಾದಕರೇ,

ಅಡ್ಡ ಬಂದದ್ದನ್ನು ತಪ್ಪಿಸಿ ತಾನೇ ತಿರುಗುವ ಪುಟ್ಟ ರೋಬೊ ಮತ್ತು ಅಂಧರಿಗೆ ನೆರವಾಗುವ ಊರುಗೋಲು ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈಗ ಸಾಮಾನ್ಯವಾಗಿ ಕಾಣಸಿಗುತ್ತವೆ. ಇದು ಸಂತೋಷದ ಸಂಗತಿಯೇ. ಆದರೆ ಅವುಗಳಲ್ಲಿ ಹೆಚ್ಚಿನವುಗಳಿಗೆ ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ (ಕಿವಿಗೆ ಕೇಳಿಸದ ಶಬ್ದದಿಂದ ದೂರ ಅಳೆಯುವ) ಸೆನ್ಸರನ್ನೇ ಅಳವಡಿಸಿರುತ್ತಾರೆ. ಏಕೆಂದು ವಿಚಾರಿಸಿದರೆ ಮಕ್ಕಳು ‘ಕಿಟ್‌ನಲ್ಲಿ ಇದೇ ಇತ್ತು’ ಎನ್ನುತ್ತಾರೆ.

ಈ ಸೆನ್ಸರ್ 40 ಕಿಲೋಹರ್ಟ್ಸ್‌ನ ಶಬ್ದತರಂಗವನ್ನು ಕಳುಹಿಸಿ, ಅದು ಮರಳಿ ಬರಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. 2 ಸೆಂ.ಮೀ.ನಿಂದ 4 ಮೀಟರ್‌ವರೆಗೆ ಅಳೆಯುತ್ತದೆ ಎಂದು ಅದರ ವಿವರಪತ್ರ ಹೇಳುತ್ತದೆ. ಗೋಡೆಗೆ ನೇರವಾಗಿ ಹಿಡಿದರೆ ಅದು ತೋರಿಸುವ ಅಂಕಿ ಟೇಪಿನ ಅಳತೆಗೆ ಬಹುಮಟ್ಟಿಗೆ ತಾಳೆಯಾಗುತ್ತದೆ. ಅದೇ ಗೋಡೆಗೆ ಸಾಕಷ್ಟು ಓರೆಯಾಗಿಸಿದರೆ ಪ್ರತಿಧ್ವನಿ ಬೇರೆಡೆಗೆ ಚಿಮ್ಮಿಹೋಗುವುದರಿಂದ, ದಾರಿ ತೆರವಾಗಿದೆಯೆಂದು ತಿಳಿದ ರೋಬೊ ಗೋಡೆಗೇ ಹೋಗಿ ಗುದ್ದುತ್ತದೆ. ದಪ್ಪನೆಯ ಪರದೆ, ಕಂಬಳಿಗಳು ಶಬ್ದವನ್ನು ಹೀರಿಕೊಳ್ಳುತ್ತವೆ. ಸೆಖೆಯೂ ಲೆಕ್ಕಕ್ಕೆ ಬರುತ್ತದೆ: ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದರೆ 35 ಡಿಗ್ರಿಯಲ್ಲಿ ಸುಮಾರು 352 ಆಗುತ್ತದೆ, ಪ್ರೋಗ್ರಾಮಿನಲ್ಲಿ ಹಳೆಯ ವೇಗವನ್ನೇ ಉಳಿಸಿದರೆ ಎರಡು ಮೀಟರ್ ದೂರಕ್ಕೆ ಐದು ಸೆಂ.ಮೀ.ನಷ್ಟು ವ್ಯತ್ಯಾಸ ಬರುತ್ತದೆ.

ಇದಕ್ಕೆ ಬೆಳಕಿನಿಂದ ದೂರ ಅಳೆಯುವ ಪರ್ಯಾಯಗಳೂ ಇವೆ. ಶಾರ್ಪ್ ಕಂಪನಿಯ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ) ಸೆನ್ಸರುಗಳಲ್ಲಿ 10ರಿಂದ 80 ಸೆಂ.ಮೀ. ಅಳೆಯುವ ಮಾದರಿ ಹವ್ಯಾಸಿಗಳಿಗೆ ಚಿರಪರಿಚಿತ. ವಸ್ತು ಹತ್ತಿರವಾದಂತೆ ಅದು ಕೊಡುವ ವೋಲ್ಟೇಜ್ ಏರುತ್ತದೆ, ಆದರೆ ವಸ್ತು ಹತ್ತು ಸೆಂ.ಮೀ.ಗಿಂತ ಸಮೀಪಕ್ಕೆ ಬಂದಾಗ ಮತ್ತೆ ಇಳಿಯುವುದರಿಂದ ಮೂತಿಗೆ ತಾಗುವಂತಿರುವ ವಸ್ತುವೂ ದೂರದಲ್ಲಿರುವಂತೆ ತೋರುತ್ತದೆ. ಸೆನ್ಸರನ್ನು ರೋಬೊದ ಅಂಚಿನಿಂದ ಅಷ್ಟು ಹಿಂದಕ್ಕೆ ಕೂರಿಸಿದರೆ ಈ ತೊಂದರೆ ಇಲ್ಲ. ವಿಎಲ್53ಎಲ್0ಎಕ್ಸ್ ಲೇಸರ್ ಸೆನ್ಸರ್ ಗಾತ್ರದಲ್ಲಿ ಚಿಕ್ಕದು, ಎರಡು ಮೀಟರ್‌ವರೆಗೆ ಅಳೆಯಬಲ್ಲದು. ಆದರೆ ಬಿಸಿಲಿನಲ್ಲಿ ಮತ್ತು ಕಪ್ಪು ವಸ್ತುಗಳ ಮುಂದೆ ಅದರ ವ್ಯಾಪ್ತಿ ಕುಗ್ಗುತ್ತದೆ, ಗಾಜನ್ನೂ ನಂಬಿಕೆಯಿಂದ ಗುರುತಿಸುವುದಿಲ್ಲ. ಗಾಜಿನ ಬಾಗಿಲಿಗೆ ಅಲ್ಟ್ರಾಸಾನಿಕ್ಕೇ ವಾಸಿ.

ಊರುಗೋಲಿನ ವಿಷಯದಲ್ಲಿ ಈ ಆಯ್ಕೆ ಒಬ್ಬರ ಸುರಕ್ಷತೆಯ ಪ್ರಶ್ನೆ. ಮುಂದಕ್ಕೆ ಮುಖ ಮಾಡಿದ ಒಂದೇ ಸೆನ್ಸರಿಗೆ ತೆರೆದ ಚರಂಡಿಯಾಗಲಿ ಕೆಳಗಿಳಿಯುವ ಮೆಟ್ಟಿಲಾಗಲಿ ಕಾಣುವುದೇ ಇಲ್ಲ. ನೆಲದತ್ತ ಬಾಗಿಸಿದ ಇನ್ನೊಂದು ಬೇಕಾಗುತ್ತದೆ. ಇದನ್ನು ಪರೀಕ್ಷಿಸದ ಊರುಗೋಲಿಗೆ ಬಹುಮಾನ ಕೊಡುವುದು ನನಗೆ ಸರಿಕಾಣುವುದಿಲ್ಲ.

ಆದ್ದರಿಂದ ಅಟಲ್ ಟಿಂಕರಿಂಗ್ ಲ್ಯಾಬ್ (ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಶಾಲೆ) ಇರುವ ಶಾಲೆಗಳು ಒಂದೇ ಬಗೆಯ ಸೆನ್ಸರುಗಳನ್ನು ರಾಶಿಯಾಗಿ ಕೊಳ್ಳುವ ಬದಲು ಮೂರೂ ಬಗೆಯವನ್ನು ಇಟ್ಟುಕೊಳ್ಳಲಿ. ಗೋಡೆ, ಬಟ್ಟೆ, ಗಾಜು, ಕಪ್ಪು ರಟ್ಟುಗಳ ಮುಂದೆ, ನೆರಳಿನಲ್ಲೂ ಬಿಸಿಲಿನಲ್ಲೂ ಮಕ್ಕಳೇ ಟೇಪು ಹಿಡಿದು ಅಳೆದು ಕೋಷ್ಟಕ ಬರೆಯಲಿ. ವಸ್ತುಪ್ರದರ್ಶನದ ತೀರ್ಪುಗಾರರು ಮೊದಲು ಆ ಕೋಷ್ಟಕವನ್ನೇ ಕೇಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

ಇತಿ,
ಓರ್ವ ವಿಜ್ಞಾನ ಶಿಕ್ಷಕಿ, ತುಮಕೂರು