ಹಂಚಿಕೊಟ್ಟ ರೊಕ್ಕವೂ ಆಸ್ತಿಯೇ? ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಸರ್ಕಾರಿ ಮನೆ ಸಿಗುವವರ ಪಟ್ಟಿ ಬಂದಾಗಲೆಲ್ಲ ಅದೇ ಜಗಳ. ಅಪ್ಪ-ಅವ್ವ ಇದ್ದದ್ದನ್ನೆಲ್ಲ ಮಕ್ಕಳಿಗೆ ಹಂಚಿ ತಗಡಿನ ಶೆಡ್ಡಿಗೆ ಬಂದಿರುತ್ತಾರೆ. ಅರ್ಜಿ ಹಾಕಿದರೆ ‘ನಿಮ್ಮ ಹತ್ರ ಇತ್ತಲ್ಲ’ ಅನ್ನುತ್ತಾರೆ. ಇತ್ತು ನಿಜ, ಈಗ ಇಲ್ಲ. ಕೊಟ್ಟುಬಿಟ್ಟ ಹಣ, ಹೊಲ ಅರ್ಹತೆಗೆ ಅಡ್ಡಿಯೋ ಅಲ್ಲವೋ ಎಂಬುದನ್ನು ಬರವಣಿಗೆಯಲ್ಲಿ ಆದೇಶಿಸಿ ಎಂದು ಕೇಳಲು ಈ ಪತ್ರ.

ನಿಯಮ ನಿಮಗೆ ಗೊತ್ತೇ ಇದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಹೊರಗಿಡಲು ಈಗ ಇರುವುದು ಹತ್ತು ಕಾರಣ. ಮೂರು-ನಾಲ್ಕು ಗಾಲಿಯ ವಾಹನ, ₹50,000 ಅಥವಾ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್, ತಿಂಗಳಿಗೆ ₹15,000 ಮೀರಿದ ದುಡಿಮೆ, 2.5 ಎಕರೆ ನೀರಾವರಿ ಅಥವಾ 5 ಎಕರೆ ಒಣಭೂಮಿ, ಹೀಗೆ. ಬ್ಯಾಂಕಿನಲ್ಲಿ ಒಂದು ಕಾಲಕ್ಕೆ ಎಷ್ಟು ಜಮೆ ಇತ್ತು ಎಂಬುದು ಆ ಹತ್ತರಲ್ಲಿ ಎಲ್ಲಿದೆ? ನಾವಂತೂ ಕಾಣೆವು. ನಿಮ್ಮ ಸಿಬ್ಬಂದಿಗೆ ಕಂಡಿದ್ದರೆ ಪುಟದ ಸಂಖ್ಯೆ ತಿಳಿಸಲಿ.

ಆಲಮಟ್ಟಿ ಹಿನ್ನೀರಿನ ಒಂದು ಪಂಚಾಯಿತಿಯ ಗ್ರಾಮಸಭೆಯಲ್ಲಿ ನಡೆದದ್ದು ಕೇಳಿ. ಎಪ್ಪತ್ತು ದಾಟಿದ ವಿಧವೆ. ಮುಳುಗಡೆ ಪರಿಹಾರವನ್ನು ಮೂವರು ಗಂಡುಮಕ್ಕಳಿಗೆ ಹಂಚಿದ್ದಾರೆ, ಮಿಕ್ಕಿದ್ದು ಮಗಳ ಮದುವೆಗೆ ಹೋಗಿದೆ. ಹೆಸರು ಓದಿದ ಕೂಡಲೇ ಮೇಜಿನ ಆಚೆಯಿಂದ ಬಂದ ಮಾತು: ‘ಮುಳುಗಡಿ ರೊಕ್ಕ ನುಂಗಿ ಮತ್ತ ಮನಿ ಕೇಳಾಕ ಬಂದಿಯೇನ ಯಮ್ಮಾ?’ ಸಭೆ ನಕ್ಕಿತು. ಠರಾವು (ನಿರ್ಣಯ) ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಬರೆದದ್ದು ಒಂದೇ ಪದ, ‘ಸ್ಥಿತಿವಂತರು’. ಕಾರಣ ಕೇಳಿದ್ದಕ್ಕೆ, ರೊಕ್ಕ ಖರ್ಚಾಗಿದೆ ಎಂದು ಮೂವರೂ ಮಕ್ಕಳು ನೋಟರಿ ಮುಂದೆ ಅಫಿಡವಿಟ್ ಮಾಡಿಕೊಡಲಿ ಎಂದರು. ಅವ್ವನನ್ನು ಶೆಡ್ಡಿಗೆ ಕಳಿಸಿದ ಮಕ್ಕಳು ಅಫಿಡವಿಟ್ ಮಾಡಿಸಲು ವಕೀಲರ ಫೀಸು ಕೊಟ್ಟು ಓಡಿ ಬರುತ್ತಾರೆ, ಅಲ್ಲವೇ? ಮದುವೆಯಲ್ಲಿ ಉಂಡವರ ಎಲೆಯನ್ನೂ ಎಣಿಸಿ ತರಬೇಕಿತ್ತೇನೋ.

ಇಷ್ಟಕ್ಕೆ ಮುಗಿಯುವುದಿಲ್ಲ. ಕಾಗದ ಅರ್ಧಕ್ಕೆ ನಿಂತು ಕೆಡುವುದೇ ಹೆಚ್ಚು. ಹೊಲವನ್ನು ಬಾಯಿಮಾತಿನಲ್ಲಿ ವಾಟ್ನಿ (ಪಾಲು) ಮಾಡಿರುತ್ತಾರೆ, ಉತಾರದ (ಪಹಣಿಯ) ಮಾಲೀಕರ ಕಾಲಂ 9ರಲ್ಲಿ ಮಾತ್ರ ಅಪ್ಪನ ಹೆಸರೇ ಉಳಿದಿರುತ್ತದೆ. ನೋಂದಣಿ ಮಾಡಿಸೋಣವೆಂದರೆ ಕಾಲಂ 11ರಲ್ಲಿ ಬ್ಯಾಂಕಿನ ಬೋಜಾ (ಸಾಲದ ಹೊರೆ). ಬೆಳೆಸಾಲದ ಖಾತೆ ಮುಚ್ಚದೆ ಬೋಜಾ ಇಳಿಯುವುದಿಲ್ಲ, ಮುಚ್ಚುವವರೆಗೂ ಅಪ್ಪ ಕಿಸಾನ್ ಕಾರ್ಡಿನವನೇ. ಹೊಲ ಉಳುವವನು ಮಗ, ಪಟ್ಟಿಯಿಂದ ಹೊರಬೀಳುವವನು ಅಪ್ಪ. ರೇಷನ್ ಕಾರ್ಡಿನದೂ ಇದೇ ಪಾಡು. ಜನಗಣತಿಯ ಲೆಕ್ಕದಲ್ಲಿ ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಲೆ ಬೇರೆಯಾಗಿ ಎಷ್ಟೋ ವರ್ಷವಾದರೂ ಕಾರ್ಡಿನಲ್ಲಿ ಹೆಸರು ಕೂಡಿಯೇ ಇದ್ದರೆ ಮಗನ ಟ್ರ್ಯಾಕ್ಟರ್ ಅವ್ವನ ಟ್ರ್ಯಾಕ್ಟರ್ ಆಗುತ್ತದೆ.

ಇನ್ನು ಇದ್ದ ಮನೆಯನ್ನು ಬಕ್ಷೀಸ್ ಪತ್ರ (ದಾನಪತ್ರ) ಮಾಡಿ ಮಗನಿಗೆ ಕೊಟ್ಟವರ ಕಥೆ. ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮಗನ ಹೆಸರಿಗೆ ಹೋಯಿತು. ಈಗ ‘ಜಾಗ ನಿಮ್ಮ ಹೆಸರಲ್ಲಿಲ್ಲ, ಎಲ್ಲಿ ಕಟ್ಟುತ್ತೀರಿ?’ ಎಂಬ ಪ್ರಶ್ನೆ. ಕೊಡದೆ ಇಟ್ಟುಕೊಂಡಿದ್ದರೆ ‘ಮನೆ ಇದೆಯಲ್ಲ’. ಕೊಟ್ಟರೂ ಇಲ್ಲ, ಇಟ್ಟುಕೊಂಡರೂ ಇಲ್ಲ. ನಿವೇಶನರಹಿತರ ಪಟ್ಟಿಗೆ ಅವರ ಹೆಸರು ಸೇರಿಸಿ ಎಂದು ಹೇಳುವವರೂ ಇಲ್ಲ.

‘ಮಗನ ಮೇಲೆ ಕೇಸು ಹಾಕಿ’ ಎಂಬ ಪುಕ್ಕಟೆ ಸಲಹೆಯನ್ನು ದಯವಿಟ್ಟು ನಿಲ್ಲಿಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗಬಹುದು, ಸರಿ. ಆದರೆ ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದಕ್ಕೆ ಮಾತ್ರ ಆ ಕಲಮು. ನಮ್ಮ ಕಡೆ ಬಕ್ಷೀಸ್ ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದಿರುತ್ತದೆಯೇ ಹೊರತು ಷರತ್ತು ಬರೆಸುವವರು ಕಡಿಮೆ. ಕೈಯಿಂದ ಕೈಗೆ ಕೊಟ್ಟ ರೊಕ್ಕಕ್ಕಂತೂ ಪತ್ರವೇ ಇಲ್ಲ.

ನೆರವಿಗಾಗಿಯೇ ಆಸ್ತಿ ಮಕ್ಕಳ ಹೆಸರಿಗೆ ಮಾಡಿ ಬರುವ ಚಾಲಾಕಿಗಳೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರನ್ನು ತಡೆಯಲು ನಿಯಮ ಬೇಕು, ಮೇಜಿನ ಆಚೆಯವರ ಸಿಟ್ಟು ಸಾಲದು. ಇಂಗ್ಲೆಂಡಿನಲ್ಲಿ ಬಾಡಿಗೆ ನೆರವು ಕೇಳುವವರ ಉಳಿತಾಯ ಸಾಮಾನ್ಯವಾಗಿ 16,000 ಪೌಂಡ್ ಮೀರುವಂತಿಲ್ಲ. ಮೊದಲೇ ಯಾರಿಗಾದರೂ ಕೊಟ್ಟಿದ್ದರೆ, ನೆರವು ಸಿಗಲೆಂದೇ ಕೊಟ್ಟಿರಾ ಎಂದು ವಿಚಾರಿಸುತ್ತಾರೆ. ಹೌದೆಂದು ಕಂಡರೆ ಆ ಹಣ ಇನ್ನೂ ಕೈಯಲ್ಲೇ ಇದೆ ಎಂದು ಹಿಡಿದರೂ, ಕಾಲ ಹೋದಂತೆ ಲೆಕ್ಕ ಇಳಿಸುತ್ತ ಬರುತ್ತಾರೆ. ತೀರ್ಮಾನದ ಮೇಲೆ ಮೇಲ್ಮನವಿಯೂ ಉಂಟು. ಅಂದರೆ ಯಾವಾಗ ಕೊಟ್ಟಿರಿ, ಯಾಕೆ ಕೊಟ್ಟಿರಿ ಎಂದು ಕೇಳುತ್ತಾರೆ. ನಮ್ಮಲ್ಲಿ ಕೇಳುವುದೇ ಇಲ್ಲ, ಒಂದು ಪದ ಬರೆದು ಪುಸ್ತಕ ಮುಚ್ಚುತ್ತಾರೆ.

ಆದ್ದರಿಂದ ಮತ್ತೊಮ್ಮೆ: ಬರವಣಿಗೆಯಲ್ಲಿ ಆದೇಶಿಸಿ. ಇಂದಿನ ಸ್ಥಿತಿಯನ್ನೇ ನೋಡಬೇಕು ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ (ಪಿಡಿಒ) ಸುತ್ತೋಲೆ ಹೋಗಲಿ. ರೇಷನ್ ಕಾರ್ಡು ಕೂಡಿದ್ದರೂ ಒಲೆ ಬೇರೆ ಇದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ ಪಂಚನಾಮೆ ಮಾಡಲಿ. ಹೆಸರು ತೆಗೆದರೆ ಹತ್ತರಲ್ಲಿ ಯಾವ ಅಂಶಕ್ಕೆ ತೆಗೆದೆವು ಎಂದು ಠರಾವಿನಲ್ಲಿ ಬರೆದು, ಅದರ ನಕಲನ್ನು ಅರ್ಜಿದಾರರ ಕೈಗೆ ಕೊಡಲಿ. ನಕಲಿಲ್ಲದೆ ಜಿಲ್ಲಾ ಮಟ್ಟದ ಮೇಲ್ಮನವಿ ಸಮಿತಿಗೆ ಏನು ಹಿಡಿದುಕೊಂಡು ಹೋಗಬೇಕು, ‘ಸ್ಥಿತಿವಂತರು’ ಎಂಬ ಬಿರುದನ್ನೇ?

ಮುಂದಿನ ಗ್ರಾಮಸಭೆಯ ನೋಟಿಸು ಅಂಟಿಸುವ ಮೊದಲೇ ಆ ಆದೇಶ ಬರಲಿ. ಬರವಣಿಗೆಯಲ್ಲಿ.

ಇಂತಿ,
ಬೀಳಗಿ ತಾಲೂಕಿನ ಅರ್ಜಿ ಬರೆದುಕೊಡುವವರು